ಕೂಲಿ ಎಷ್ಟು ಹಾಕಿದೀಯಮ್ಮಾ?



ನನ್ನ ಪರಿಚಯ ಚಿಕ್ಕದು. ಹುಟ್ಟೂರು ಗದಗದ ಹತ್ತಿರ, ಮನೆ ಈಗ ಚೆನ್ನೈನ ಶೋಳಿಂಗನಲ್ಲೂರಿನಲ್ಲಿ. ಒಂಬತ್ತು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದೆ. ಈಗ ಜನ ಕೊಡುವ ಹಳೇ ಸೀರೆಗಳಿಂದ ಅವರಿಗೇ ಕೌದಿ ಮಾಡಿ ಕೊಡ್ತೀನಿ. ಕೌದಿ ಹೊಲಿಯೋದು ಹೇಗೆ ಅಂತ ಇವತ್ತು ಹೇಳೋದಿಲ್ಲ. ಅದಕ್ಕೆ ಎಷ್ಟು ದುಡ್ಡು ಕೇಳಬೇಕು ಅನ್ನೋದನ್ನ ನಾನು ಎಂಥ ತಪ್ಪು ಮಾಡಿ ಕಲಿತೆ ಅಂತ ಹೇಳ್ತೀನಿ.

ಮೈಸೂರು, ಮಂಗಳೂರು ಕಡೆಯವರಿಗೆ ಒಂದು ಮಾತು. ಕೌದಿ ಅಂದ್ರೆ ನಮ್ಮ ಉತ್ತರ ಕರ್ನಾಟಕದ ಹೊದಿಕೆ. ಮೆತ್ತಗಾದ ಹಳೇ ಹತ್ತಿ ಸೀರೆ, ಧೋತರಗಳನ್ನ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಇಡೀ ಮೈತುಂಬಾ ಕೈಯಿಂದ ಸಾಲು ಸಾಲಾಗಿ ಹೊಲಿಗೆ ಹಾಕೋದು. ಒಳಗೆ ಬೇರೆ ಹತ್ತಿ ತುಂಬೋದಿಲ್ಲ. ಹಳೇ ಬಟ್ಟೆಯೇ ಬೆಚ್ಚಗೆ, ಹೊಲಿಗೆಯೇ ಗಟ್ಟಿ.

2022ರಲ್ಲಿ ನಮ್ಮ ಅಪಾರ್ಟ್‌ಮೆಂಟ್‌ನ ಕನ್ನಡದವರೊಬ್ಬರು ತೀರಿಹೋದ ತಾಯಿಯ ಆರು ಸೀರೆ ತಂದು, ‘ಏನಾದ್ರೂ ಮಾಡಿಕೊಡಿ’ ಅಂದ್ರು. ಎಷ್ಟಾಗುತ್ತೆ ಅಂತ ಕೇಳಿದಾಗ ನನಗೆ ಸಂಕೋಚ. ಬಾಯಿಗೆ ಬಂದದ್ದು 1800 ರೂಪಾಯಿ. ಯಾವ ಲೆಕ್ಕವೂ ಇಲ್ಲ. ಜಾಸ್ತಿ ಅಂದ್ಕೋಬಾರದಲ್ಲ, ಅಷ್ಟೇ.

ನನಗೆ ಕತ್ತರಿಸೋದು, ಬಣ್ಣ ಹೊಂದಿಸೋದು ಬರುತ್ತೆ. ಆದರೆ ನನ್ನ ಹೊಲಿಗೆ ಸಾಲು ನೆಟ್ಟಗೆ ಬರಲ್ಲ. ಪಕ್ಕದ ಬ್ಲಾಕ್‌ನಲ್ಲಿ ಬಾಗಲಕೋಟೆ ಕಡೆಯ ಒಬ್ಬ ಅಜ್ಜಿ ಇದ್ರು. ಮಗ, ಸೊಸೆ ಇಬ್ಬರೂ ಐಟಿ. ಮೊಮ್ಮಗನ್ನ ನೋಡಿಕೊಳ್ಳೋಕೆ ಬಂದವರು. ಮಗು ಸ್ಕೂಲಿಗೆ ಹೋದ ಮೇಲೆ ಅವರಿಗೆ ಮಾತಾಡೋಕೆ ಜನ ಇಲ್ಲ, ತಮಿಳು ಬರಲ್ಲ. ಕೌದಿ ಅಂದ ತಕ್ಷಣ ಮುಖ ಅರಳಿತು. ಅವರು ಹೊಲಿದುಕೊಟ್ರು. ನಾನು 700 ರೂಪಾಯಿ ಕೊಟ್ಟೆ. ‘ಟೈಮ್ ಪಾಸ್ ಆತು ಬಿಡವ್ವಾ’ ಅಂದ್ರು. ನಾನೂ ಹಾಗೇ ಅಂದ್ಕೊಂಡೆ. ಅದೇ ದರಕ್ಕೆ ಇನ್ನೂ ಮೂರು ಕೌದಿ ಹೊಲಿಸಿದೆ.

ಕೌದಿಯ ಕೆಳಗಿನ ಪದರಕ್ಕೆ ಹೊಸ ಹತ್ತಿ ಬಟ್ಟೆ ಬೇಕು. ಅದಕ್ಕೆ ನಾನು ಹೋಗೋದು ಪ್ಯಾರೀಸ್ ಕಾರ್ನರ್‌ಗೆ. ಚೆನ್ನೈಗೆ ಹೊಸಬರು ಇದು ಫ್ರಾನ್ಸಿನ ಪ್ಯಾರಿಸ್ ಅಂದ್ಕೋತಾರೆ. (ನಗು) ಅಲ್ಲ, 1788ರಲ್ಲಿ ಇಲ್ಲಿಗೆ ಬಂದು ವ್ಯಾಪಾರ ಶುರು ಮಾಡಿದ ಥಾಮಸ್ ಪ್ಯಾರಿ ಅನ್ನೋ ವೇಲ್ಸ್ ದೇಶದವನ ಹೆಸರು. ಒಂದು ಕಡೆ ಹೈಕೋರ್ಟು, ಇನ್ನೊಂದು ಕಡೆ ಬಂದರು, ಒಳಗೆ ಒಂದೊಂದು ಬೀದಿಗೆ ಒಂದೊಂದು ಸರಕು. ಬಟ್ಟೆಯ ಸಗಟು ವ್ಯಾಪಾರ ಗೋಡೌನ್ ಸ್ಟ್ರೀಟ್‌ನಲ್ಲಿ. ಹೆಗಲ ಮೇಲೆ ಗಂಟು ಹೊತ್ತವರು ‘ವಳಿ, ವಳಿ’ ಅಂತ ಕೂಗ್ತಾ ಬಂದ್ರೆ ದಾರಿ ಬಿಡಬೇಕು.

ಅಲ್ಲಿ ನಾನು ಯಾವಾಗಲೂ ಹೋಗೋ ಅಂಗಡಿಯ ಯಜಮಾನರಿಗೆ ವಯಸ್ಸಾಗಿದೆ. ಐದನೇ ಸಲ ಹೋದಾಗ, ಮೀಟರಿಗೆ ಐದು ರೂಪಾಯಿ ಕಡಿಮೆ ಮಾಡಿ ಅಂತ ಚೌಕಾಸಿಗೆ ಇಳಿದೆ. ‘ನನಗೇನೂ ಉಳಿಯಲ್ಲ ಸಾರ್’ ಅಂತ ಫೋನಿನಲ್ಲಿದ್ದ ಲೆಕ್ಕ ತೋರಿಸಿದೆ. ಬಟ್ಟೆ 450, ದಾರ 150, ಓಡಾಟ 200. ಅವರು ಕನ್ನಡಕ ಮೇಲಕ್ಕೆತ್ತಿ ನೋಡಿ ಕೇಳಿದ್ರು: ‘ಕೂಲಿ ಎವ್ವಳವು ಪೋಟ್ರುಕ್ಕೆಮ್ಮಾ?’ ಕೂಲಿ ಎಷ್ಟು ಹಾಕಿದೀಯಮ್ಮಾ?

ಕೂಲಿ. ತಮಿಳಿನಲ್ಲೂ ಅದೇ ಪದ, ಕನ್ನಡದಲ್ಲೂ ಅದೇ ಪದ. ಅರ್ಥ ಆಗಲಿಲ್ಲ ಅನ್ನೋ ಹಾಗಿಲ್ಲ. ನನ್ನ ಪಟ್ಟಿಯಲ್ಲಿ ಆ ಸಾಲೇ ಇರಲಿಲ್ಲ.

ಮೆಟ್ರೋದಲ್ಲಿ ವಾಪಸ್ ಬರ್ತಾ ಯೋಚನೆ ಮಾಡಿದೆ. ಒಂಬತ್ತು ವರ್ಷ ಪ್ರತಿ ಶುಕ್ರವಾರ ಟೈಮ್‌ಶೀಟ್ ತುಂಬಿದವಳು ನಾನು. ಅರ್ಧ ಗಂಟೆಯ ಮೀಟಿಂಗನ್ನೂ ಕ್ಲೈಂಟ್‌ಗೆ ಬಿಲ್ ಮಾಡಿದ್ದೀವಿ. ಆದರೆ ಅಜ್ಜಿ ಎಷ್ಟು ಗಂಟೆ ಹೊಲಿದ್ರು ಅಂತ ಒಂದು ದಿನ ಕೇಳಿರಲಿಲ್ಲ.

ಮಾರನೇ ದಿನ ಕೇಳಿದೆ. ದಿನಕ್ಕೆ ಮೂರು ಗಂಟೆ, ಒಂದು ಕೌದಿಗೆ ಇಪ್ಪತ್ತು ದಿನ. 60 ಗಂಟೆಗೆ 700 ರೂಪಾಯಿ, ಅಂದ್ರೆ ಗಂಟೆಗೆ 12 ರೂಪಾಯಿನೂ ಇಲ್ಲ. ಮಾತಿನ ನಡುವೆ ಅವರು ಹಣೆ ಒತ್ತಿಕೊಳ್ತಿದ್ರು. ಏನಾಯ್ತು ಅಂದೆ. ‘ಕನ್ನಡಕದ ನಂಬರ್ ಬದಲಾಗೇತಿ, ಸೂಜಿ ಕಾಣವಲ್ದು. ಮಗನ್ನ ರೊಕ್ಕ ಕೇಳಾಕ ನಾಚಿಕಿ ಬರ್ತೈತವ್ವಾ’ ಅಂದ್ರು.

ನಾನು ಕಡಿಮೆ ಬೆಲೆ ಹೇಳಿದ್ದನ್ನ ಒಳ್ಳೆತನ ಅಂದ್ಕೊಂಡಿದ್ದೆ. ಗಿರಾಕಿಗೆ ನಾನು ಬಿಟ್ಟ ದುಡ್ಡು ನನ್ನದಾಗಿರಲಿಲ್ಲ. ಅಜ್ಜಿಯದಾಗಿತ್ತು.

ಆಮೇಲೆ ಕೂತು ಸರಿಯಾಗಿ ಲೆಕ್ಕ ಹಾಕಿದೆ. ಅಮೆರಿಕದಲ್ಲಿರೋ ಗೆಳತಿಯೊಬ್ಬಳು ಅಲ್ಲಿನ ಪದ್ಧತಿ ಹೇಳಿದಳು. ಅಲ್ಲಿ ಲಾಂಗ್‌ಆರ್ಮ್ ಅನ್ನೋ ದೊಡ್ಡ ಮಷೀನ್ ಇರುತ್ತೆ. ಕ್ವಿಲ್ಟನ್ನ ಚೌಕಟ್ಟಿಗೆ ಬಿಗಿದು, ಮಷೀನನ್ನೇ ಹಳಿ ಮೇಲೆ ಓಡಿಸಿ ಹೊಲಿಯೋದು. ಅದನ್ನಿಟ್ಟುಕೊಂಡು ಬೇರೆಯವರಿಗೆ ಹೊಲಿದುಕೊಡುವವರು ಹೆಚ್ಚಾಗಿ ಚದರ ಇಂಚಿಗೆ ಇಷ್ಟು ಅಂತ ದರ ಇಡ್ತಾರೆ. ಇಡೀ ಕ್ವಿಲ್ಟಿಗೆ ಒಂದೇ ವಿನ್ಯಾಸ ಆದ್ರೆ ಕಡಿಮೆ, ಜಾಗಕ್ಕೆ ತಕ್ಕ ವಿನ್ಯಾಸ ಬೇಕು ಅಂದ್ರೆ ಜಾಸ್ತಿ. ಚಿಕ್ಕದಕ್ಕೆ ಕನಿಷ್ಠ ದರ. ಮಷೀನ್ ನಮ್ಮ ಹತ್ತಿರ ಇಲ್ಲ, ಆದರೆ ಲೆಕ್ಕ ತಗೋಬಹುದಲ್ಲ?

ಒಬ್ಬರು ಹೊದೆಯೋ ಕೌದಿ 60 ಇಂಚು ಅಗಲ, 90 ಇಂಚು ಉದ್ದ. ಅಂದ್ರೆ 5400 ಚದರ ಇಂಚು. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಅಡುಗೆಗೆ ಬರುವವರಿಗೆ ಗಂಟೆಗೆ ಎಷ್ಟು ಬೀಳುತ್ತೆ ಅಂತ ವಿಚಾರಿಸಿದೆ, ಸುಮಾರು 80 ರೂಪಾಯಿ. ಅದಕ್ಕಿಂತ ಕಡಿಮೆ ಕೊಡಬಾರದು ಅಂತ ನಿಶ್ಚಯಿಸಿದೆ. 60 ಗಂಟೆಗೆ 4800. ಸಾಮಾನು, ಓಡಾಟ 800. ಕತ್ತರಿಸೋದು, ಜೋಡಿಸೋದು, ಗಿರಾಕಿ ಜೊತೆ ಮಾತಾಡೋದು ನನ್ನ 10 ಗಂಟೆ, ಅದೇ ದರದಲ್ಲಿ 800. ಒಟ್ಟು 6400. ಚದರ ಇಂಚಿಗೆ 1 ರೂಪಾಯಿ 20 ಪೈಸೆ ಅಂತ ಇಟ್ಟರೆ 6480 ಬರುತ್ತೆ. ಅದನ್ನೇ ಇಟ್ಟೆ.

ಸಾಲುಗಳ ನಡುವೆ ಅರ್ಧ ಇಂಚಿನ ಬದಲು ಒಂದು ಇಂಚು ಬಿಟ್ಟರೆ ಸುಮಾರು 35 ಗಂಟೆಯಲ್ಲಿ ಮುಗಿಯುತ್ತೆ. ಅದಕ್ಕೆ 80 ಪೈಸೆ. ಮಗುವಿನ ಕೌದಿ ಎಷ್ಟೇ ಚಿಕ್ಕದಿರಲಿ, ಕನಿಷ್ಠ 2500. ಯಾಕಂದ್ರೆ ಚಿಕ್ಕದಕ್ಕೂ ಮೂಲೆ ನಾಲ್ಕೇ, ಫೋನ್ ಕಾಲ್ ಹತ್ತೇ. (ನಗು) ಅರ್ಧ ದುಡ್ಡು ಮುಂಗಡ, ಅಮ್ಮನ ಸೀರೆಗೆ ಒಮ್ಮೆ ಕತ್ತರಿ ಹಾಕಿದ ಮೇಲೆ ‘ಬೇಡ’ ಅನ್ನೋ ಹಾಗಿಲ್ಲ. ಬಂಧುಗಳಿಗಾದ್ರೆ ಪೂರ್ತಿ ಉಡುಗೊರೆ, ಇಲ್ಲಾ ಪೂರ್ತಿ ಬೆಲೆ. ಉಡುಗೊರೆ ಆದ್ರೂ ಅಜ್ಜಿಯ ಕೂಲಿ ನನ್ನ ಕೈಯಿಂದ.

ಹೊಸ ದರ ಹೇಳಿದ ಮೊದಲ ವಾರ ಮೂವರು ವಾಪಸ್ ಹೋದ್ರು. ಒಬ್ಬರು, ‘ಸೀರೆ ನಮ್ದೇ, ಬರೀ ಹೊಲಿಗೆಗೆ ಆರು ಸಾವಿರನಾ? ಮಾಲ್‌ನಲ್ಲಿ 1200ಕ್ಕೆ ರಜಾಯಿ ಸಿಗುತ್ತೆ’ ಅಂದ್ರು. ನಿಜ, ಸಿಗುತ್ತೆ. ಬೆಚ್ಚಗೆ ಮಲಗೋದಷ್ಟೇ ಬೇಕಿದ್ರೆ ಅದನ್ನೇ ತಗೊಳ್ಳಿ ಅಂದೆ. ಅಮ್ಮನ ಸೀರೆಯೇ ಬೇಕಿದ್ರೆ ಇಲ್ಲಿದೆ ಗಂಟೆಗಳ ಲೆಕ್ಕ ಅಂತ ಹಾಳೆ ಕೊಟ್ಟೆ. ಎರಡು ತಿಂಗಳ ಮೇಲೆ ಅವರೇ ಬಂದು ಅಗಲ ಸಾಲಿನದ್ದು ಮಾಡಿಸಿದ್ರು. ಉಳಿದಿಬ್ಬರು ಬರಲಿಲ್ಲ. ಅದೂ ಸರಿಯೇ.

‘ಕೌದಿ ಅಂದ್ರೆ ಪ್ರೀತಿ, ಅದಕ್ಕೆ ಬೆಲೆ ಕಟ್ಟಬಾರದು’ ಅಂತ ಹೇಳುವವರಿದ್ದಾರೆ. ನಾನು ಚಿಕ್ಕವಳಿದ್ದಾಗ ಊರಿಗೆ ಕೌದಿ ಹೊಲಿಯೋ ಹೆಂಗಸರು ಬರ್ತಿದ್ರು. ಕಟ್ಟೆ ಮೇಲೆ ಬಟ್ಟೆ ಹಾಸೋ ಮೊದಲೇ ಎಷ್ಟು ಸೇರು ಜೋಳ, ಎಷ್ಟು ರೊಕ್ಕ, ಎಷ್ಟು ಹೊತ್ತಿನ ಊಟ ಅಂತ ಮಾತಾಗ್ತಿತ್ತು. ನಮ್ಮಜ್ಜಿ ಚೌಕಾಸಿ ಮಾಡ್ತಿದ್ರು, ಅವರೂ ಬಿಟ್ಟುಕೊಡ್ತಿರಲಿಲ್ಲ. ಪ್ರೀತಿ ಹೆಸರಲ್ಲಿ ಕೂಲಿ ಮರೆಸಿದ್ದು ಅವರಲ್ಲ, ನಾವು.

ಹಳೇ ನಾಲ್ಕು ಕೌದಿಯ ಬಾಕಿ, ಒಂದಕ್ಕೆ 4100ರಂತೆ 16,400 ರೂಪಾಯಿ ಆಯ್ತು. ಮೂರು ಕಂತಿನಲ್ಲಿ ಕೊಟ್ಟೆ. ಮೊದಲ ಕಂತು ಕೈಗಿಟ್ಟಾಗ ಅಜ್ಜಿ, ‘ಇಷ್ಟ್ಯಾಕ ಕೊಡ್ತಿ?’ ಅಂದ್ರು. ಆಮೇಲೆ ಎರಡು ಸಲ ಎಣಿಸಿ ಸೊಂಟದ ಚೀಲದಲ್ಲಿಟ್ಟುಕೊಂಡ್ರು. ಆ ವಾರವೇ ಇಬ್ಬರೂ ಹೋಗಿ ಕನ್ನಡಕ ಮಾಡಿಸಿದ್ವಿ. ಅಂಗಡಿಯವ ಬೆಲೆ ಹೇಳಿದ್ದೇ ತಡ, ಅಜ್ಜಿ ಚೌಕಾಸಿ ಶುರು ಮಾಡಿದ್ರು.

ನಿಮ್ಮ ಮನೆಯಲ್ಲೂ ‘ಟೈಮ್ ಪಾಸ್’ಗೆ ಚಕ್ಕುಲಿ ಕರಿಯೋ, ಸ್ವೆಟರ್ ಹೆಣೆಯೋ ಅಮ್ಮ, ಅತ್ತೆ ಇರಬಹುದು. ಅದನ್ನ ಯಾರಿಗಾದ್ರೂ ಮಾರ್ತಿದ್ರೆ, ಈ ಶುಕ್ರವಾರ ನಿಮ್ಮ ಟೈಮ್‌ಶೀಟ್ ತುಂಬಿದ ಮೇಲೆ ಅವರದ್ದೂ ಒಂದು ತುಂಬಿ ನೋಡಿ.