ಯಾವ ಮಗುವಿಗೆ, ಯಾವ ಹೊತ್ತಿನಲ್ಲಿ, ಎಷ್ಟು ನೆರವು?

(ಟ್ರಸ್ಟಿನ ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಶಿಕ್ಷಣ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ವಿದ್ಯಾರ್ಥಿವೇತನದ ವಿಷಯ ಬಂದಾಗ ನಾವು ಅಂಕಪಟ್ಟಿ ನೋಡುತ್ತೇವೆ, ಆದಾಯ ಪ್ರಮಾಣಪತ್ರ ನೋಡುತ್ತೇವೆ. ಆದರೆ ಶುಲ್ಕ ಕಟ್ಟಿದರೂ ತರಗತಿಯಲ್ಲಿ ಕುಳಿತು ಕಲಿಯಲಾಗದ ಮಕ್ಕಳಿದ್ದಾರೆ. ಶೌಚಾಲಯಕ್ಕೆ ಒಬ್ಬರು ಕರೆದೊಯ್ಯಬೇಕು, ಮೆಟ್ಟಿಲಲ್ಲಿ ಕೈ ಹಿಡಿಯಬೇಕು, ಗದ್ದಲಕ್ಕೆ ಗಾಬರಿಯಾದಾಗ ಸಮಾಧಾನಪಡಿಸಬೇಕು. ಆ ಒಬ್ಬರು ಇಲ್ಲದಿದ್ದರೆ ಏನಾಗುತ್ತದೆಂದು ನಮ್ಮ ಊರಿನವರಿಗೆ ಗೊತ್ತು. ಬೀಡಿ ಕಟ್ಟಿ ಮನೆ ನಡೆಸುವ ತಾಯಿ ಕೆಲಸ ಬಿಟ್ಟು ಶಾಲೆಯ ಜಗಲಿಯಲ್ಲಿ ಸಂಜೆವರೆಗೆ ಕೂರುತ್ತಾಳೆ. ಇಲ್ಲವೇ ಅದೇ ಶಾಲೆಯಲ್ಲಿ ಓದುವ ಅಕ್ಕ ದಿನಕ್ಕೆ ನಾಲ್ಕು ಸಲ ತನ್ನ ಪಾಠ ಬಿಟ್ಟು ಎದ್ದು ಬರುತ್ತಾಳೆ. ಒಂದು ಮಗುವಿಗೆ ನೆರವಿಲ್ಲದಿದ್ದರೆ ಎರಡು ಮಕ್ಕಳ ಓದು ಹಾಳಾಗುತ್ತದೆ.

ತರಗತಿ ಸಹಾಯಕಿಯರನ್ನು ಕೊಡುವುದು ಒಳ್ಳೆಯ ಕೆಲಸ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಕಷ್ಟ ಇರುವುದು ಹಂಚುವುದರಲ್ಲಿ. ಹನ್ನೆರಡು ಅರ್ಜಿ, ನಾಲ್ವರು ಸಹಾಯಕಿಯರು ಎಂದುಕೊಳ್ಳಿ. ಮೊದಲು ಬಂದವರಿಗೆ ಕೊಟ್ಟರೆ ಕಚೇರಿಯ ಬಾಗಿಲು ಗೊತ್ತಿರುವವರಿಗೆ ಸಿಗುತ್ತದೆ. ಶಿಫಾರಸು ನೋಡಿ ಕೊಟ್ಟರೆ ಅಮಾನತ್ ಕೆಡುತ್ತದೆ. ಯುಡಿಐಡಿ ಕಾರ್ಡಿನ ಶೇಕಡಾವಾರು ನೋಡಿ ಕೊಟ್ಟರೆ ನ್ಯಾಯ ಸಿಕ್ಕಿದಂತೆ ಕಾಣುತ್ತದೆ, ಆದರೆ ಅದೂ ಸಾಲದು. ಶೇಕಡಾ 75 ದೃಷ್ಟಿದೋಷವಿರುವ ಹುಡುಗನಿಗೆ ದೊಡ್ಡ ಅಕ್ಷರದ ಪುಸ್ತಕ, ಮುಂದಿನ ಬೆಂಚು, ಬರೆದದ್ದನ್ನು ಓದಿ ಹೇಳುವ ಶಿಕ್ಷಕರು ಇದ್ದರೆ ಸಾಕಾಗಬಹುದು. ಶೇಕಡಾ 40 ಎಂದು ಬರೆದಿರುವ ಆಟಿಸಂ ಮಗುವಿಗೆ ಬೆಲ್ ಹೊಡೆದಾಗಲೆಲ್ಲ ಒಬ್ಬರು ಹತ್ತಿರ ಬೇಕಾಗಬಹುದು. ಪ್ರಮಾಣಪತ್ರ ಸರಕಾರಿ ಸೌಲಭ್ಯಕ್ಕೆ ಬೇಕೇ ಬೇಕು, ಮಾಡಿಸಿಕೊಳ್ಳಿ. ಆದರೆ ಮಗುವಿನ ದಿನ ಹೇಗೆ ಸಾಗುತ್ತದೆಂದು ಅದು ಹೇಳುವುದಿಲ್ಲ.

ಆದ್ದರಿಂದ ಉಪಸಮಿತಿ ಮೂರು ಪ್ರಶ್ನೆಗಳನ್ನು ಮುಂದಿಡುತ್ತಿದೆ. ಮೊದಲನೆಯದು, ನೆರವಿಲ್ಲದಿದ್ದರೆ ಮಗುವಿನ ಸುರಕ್ಷತೆಗೆ ಅಥವಾ ಮಾನಕ್ಕೆ ಧಕ್ಕೆಯಿದೆಯೇ? ಶೌಚ, ಊಟ, ಫಿಟ್ಸ್, ರಸ್ತೆಗೆ ಓಡಿಹೋಗುವುದು ಇವು ಮೊದಲ ಸಾಲಿನಲ್ಲಿ ಬರುತ್ತವೆ. ಬೆಳೆದ ಹೆಣ್ಣುಮಕ್ಕಳಿಗೆ ಮಹಿಳಾ ಸಹಾಯಕಿಯೇ ಬೇಕು. ಇದರಲ್ಲಿ ರಾಜಿಯಿಲ್ಲ. ಎರಡನೆಯದು, ನೆರವು ಬೇಕಾಗಿರುವುದು ದಿನದ ಯಾವ ಹೊತ್ತಿನಲ್ಲಿ? ಇಡೀ ದಿನ ಬೇಕಾದ ಮಕ್ಕಳು ಕಡಿಮೆ. ಬೆಳಿಗ್ಗೆ ಬಂದಾಗ, ಬಿಡುವಿನಲ್ಲಿ, ಊಟದಲ್ಲಿ, ಬರೆಯುವ ಪಿರಿಯಡ್‌ನಲ್ಲಿ ಎಂದು ವೇಳಾಪಟ್ಟಿ ಮಾಡಿದರೆ ಒಬ್ಬ ಸಹಾಯಕಿ ಮೂರು ಮಕ್ಕಳನ್ನು ನೋಡಿಕೊಳ್ಳಬಲ್ಲಳು. ಮೂರನೆಯದು, ಇದಕ್ಕೆ ಮನುಷ್ಯರೇ ಬೇಕೇ, ಅಥವಾ ಒಂದು ರ‍್ಯಾಂಪ್, ಶೌಚಾಲಯದಲ್ಲೊಂದು ಹಿಡಿಕೆ, ತರಗತಿಯನ್ನು ಕೆಳ ಅಂತಸ್ತಿಗೆ ತರುವುದು ಸಾಕೇ? ಹಿಡಿಕೆಗೆ ಒಮ್ಮೆ ಖರ್ಚು ಮಾಡಿದರೆ ಮುಗಿಯಿತು. ಮಗುವೂ ಯಾರನ್ನೂ ಕರೆಯದೆ ತಾನೇ ಹೋಗಿಬರುತ್ತದೆ.

ಈ ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾದವರು ತರಗತಿ ಶಿಕ್ಷಕರು. ಹೆತ್ತವರು ಅರ್ಜಿ ಹಾಕಲಿಲ್ಲವೆಂದು ಮಗು ಬಿಟ್ಟುಹೋಗಬಾರದು. ಅರ್ಜಿ ಹಾಕಲು ಗೊತ್ತಿಲ್ಲದ, ಹಾಕಲು ನಾಚುವ ತಾಯಂದಿರಿದ್ದಾರೆ. ಅಂಥವರ ಮಕ್ಕಳ ಹೆಸರನ್ನು ಶಾಲೆಯೇ ಕೊಡಬೇಕು.

ಒಂದು ಎಚ್ಚರಿಕೆಯ ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಹಳ ವರ್ಷಗಳಿಂದ ಸಾವಿರಾರು ತರಗತಿ ಸಹಾಯಕರಿದ್ದಾರೆ. 2003ರಿಂದ 2009ರವರೆಗೆ ಅಲ್ಲಿ ನಡೆದ ದೊಡ್ಡ ಅಧ್ಯಯನವೊಂದು ಯಾರೂ ನಿರೀಕ್ಷಿಸದ ಸಂಗತಿಯನ್ನು ತೋರಿಸಿತು. ಸಹಾಯಕರ ಜೊತೆ ಹೆಚ್ಚು ಹೊತ್ತು ಕಳೆದ ಮಕ್ಕಳು, ಅಂಥದೇ ಸ್ಥಿತಿಯ ಬೇರೆ ಮಕ್ಕಳಿಗಿಂತ ಓದಿನಲ್ಲಿ ಕಡಿಮೆ ಮುಂದುವರಿದಿದ್ದರು. ತಪ್ಪು ಸಹಾಯಕರದ್ದಲ್ಲ, ಅವರನ್ನು ಬಳಸಿದ ರೀತಿಯದ್ದು. ಸಹಾಯಕರು ಬಂದರೆಂದು ಶಿಕ್ಷಕರು ಆ ಮಗುವಿನಿಂದ ದೂರವಾದರು. ಸಹಾಯಕರು ಕೊಟ್ಟ ಕೆಲಸ ಮುಗಿಸುವ ಕಡೆ ಗಮನ ಕೊಟ್ಟರು, ಮಗು ಯೋಚಿಸುವುದನ್ನು ಬಿಟ್ಟಿತು. ಆದ್ದರಿಂದ ನಮ್ಮ ಮುಖ್ಯೋಪಾಧ್ಯಾಯರಲ್ಲಿ ವಿನಂತಿ: ಪಾಠ ಕಲಿಸುವ ಹೊಣೆ ಶಿಕ್ಷಕರದ್ದೇ. ಸಹಾಯಕಿಯನ್ನು ಮಗುವಿನ ಬೆಂಚಿಗೆ ಅಂಟಿಸಬೇಡಿ, ಮೂಲೆಯಲ್ಲಿ ಬೇರೆ ಕೂರಿಸಬೇಡಿ. ಮಗು ತಾನೇ ಮಾಡಬಲ್ಲದ್ದನ್ನು ಮಾಡಲು ಬಿಡಿ, ತಡವಾದರೂ ಕಾಯಿರಿ.

ನಮ್ಮ ಪರಂಪರೆಯಲ್ಲಿ ಇದಕ್ಕೊಂದು ಸ್ಪಷ್ಟ ಮಾದರಿಯಿದೆ. ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್ (ರ) ಅವರು ಅಂಧರು. ಪವಿತ್ರ ಕುರ್‌ಆನಿನ 80ನೇ ಅಧ್ಯಾಯ ‘ಅಬಸ’ದ ಆರಂಭದ ವಚನಗಳ ಹಿನ್ನೆಲೆಯಲ್ಲಿರುವವರು ಅವರೇ. ಪ್ರಮುಖರು ಕುಳಿತಿದ್ದಾಗ ಕಲಿಯಲು ಬಂದ ಅಂಧನ ಕಡೆಗೆ ಮುಖ ಕೊಡಬೇಕೆಂಬ ಪಾಠ ಅಲ್ಲಿದೆ. ಮುಂದೆ ಪ್ರವಾದಿಯವರು (ಸ) ಅವರನ್ನು ಬಿಲಾಲ್ (ರ) ಅವರ ಜೊತೆಗೆ ಮುಅಝ್ಝಿನ್ ಆಗಿ ನೇಮಿಸಿದರು. ತಾವು ಮದೀನಾದಿಂದ ಹೊರಗೆ ಹೋದಾಗ ಕೆಲವು ಸಲ ಊರಿನ ಹೊಣೆಯನ್ನೂ ಅವರಿಗೆ ಒಪ್ಪಿಸಿದರು. ಬೆಳಗಾಯಿತೆಂದು ಜನ ತಿಳಿಸಿದ ಮೇಲೆ ಅವರು ಬಾಂಗ್ ಕೊಡುತ್ತಿದ್ದರೆಂದು ಹದೀಸ್‌ನಲ್ಲಿದೆ. ಬೆಳಕು ಮೂಡಿದ್ದನ್ನು ಹೇಳಿದವರು ಬೇರೆಯವರು, ಬಾಂಗ್ ಕೊಟ್ಟವರು ಅವರೇ. ಸಹಾಯಕಿಯ ಕೆಲಸ ಇಷ್ಟೇ ಇರಬೇಕು. ತಿಳಿಸಬೇಕಾದಷ್ಟು ತಿಳಿಸಿ, ದನಿಯನ್ನು ಮಗುವಿಗೆ ಬಿಡಬೇಕು.

ಕಾನೂನಿನ ಮಾತು. ನಮ್ಮದು ಅಲ್ಪಸಂಖ್ಯಾತ ಸಂಸ್ಥೆ, ಆರ್‌ಟಿಇ ನಮಗೆ ಅನ್ವಯಿಸುವುದಿಲ್ಲ ಎಂದು ಹೇಳುವುದುಂಟು. 2014ರ ಸುಪ್ರೀಂ ಕೋರ್ಟ್ ತೀರ್ಪು ಹಾಗೆ ಹೇಳಿದ್ದು ನಿಜ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳ ಬಗ್ಗೆ ಹೇಳುತ್ತದೆ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಅಗತ್ಯ ಅನುಕೂಲ ಮಾಡಿಕೊಡಬೇಕು. ಸುಪ್ರೀಂ ಕೋರ್ಟ್ 2021ರಲ್ಲಿ ವಿಶೇಷ ಶಿಕ್ಷಕರ ಪ್ರಮಾಣವನ್ನೂ ಸೂಚಿಸಿತು. ಪ್ರಾಥಮಿಕದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, ಅದಕ್ಕೂ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು. ಸಹಾಯಕಿ ಎಂದರೆ ವಿಶೇಷ ಶಿಕ್ಷಕಿ ಅಲ್ಲ. ಒಬ್ಬರನ್ನು ತೋರಿಸಿ ಇನ್ನೊಬ್ಬರ ಹುದ್ದೆ ತುಂಬಿದೆ ಎನ್ನಬಾರದು. ಬ್ಲಾಕ್ ಮಟ್ಟದ ಬಿಐಇಆರ್‌ಟಿ ಸಂಪನ್ಮೂಲ ಶಿಕ್ಷಕರನ್ನು, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕರೆದು ಮಾತನಾಡಿ. ಮಾತು, ಶ್ರವಣದ ತೊಂದರೆಯ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಸರಕಾರ ಮಾಡಬೇಕಾದ್ದನ್ನು ಕೇಳಿ ಪಡೆಯೋಣ, ಉಳಿದದ್ದನ್ನು ನಾವು ತುಂಬೋಣ.

ಇನ್ನು ಹಣ. ಝಕಾತ್‌ನ ಹಕ್ಕುದಾರರು ಎಂಟು ವರ್ಗದವರೆಂದು ಕುರ್‌ಆನ್ ಹೇಳಿದೆ. ಆದ್ದರಿಂದ ಬಡ ಕುಟುಂಬದ ಮಗುವಿನ ಕೈಗೆ ಸೇರುವ ವಿದ್ಯಾರ್ಥಿವೇತನಕ್ಕೆ ಝಕಾತ್, ಸಹಾಯಕಿಯರ ಸಂಬಳ ಮತ್ತು ಕಟ್ಟಡದ ಬದಲಾವಣೆಗೆ ಸದಕಾ ಹಾಗೂ ಸಾಮಾನ್ಯ ದೇಣಿಗೆ ಎಂದು ಎರಡು ಲೆಕ್ಕ ಬೇರೆಬೇರೆ ಇಡಲು ಉಪಸಮಿತಿ ಶಿಫಾರಸು ಮಾಡುತ್ತದೆ. ದಾನಿಗಳು ರಂಝಾನ್‌ನಲ್ಲಿ ಧಾರಾಳವಾಗಿ ಕೊಡುತ್ತೀರಿ. ಸಹಾಯಕಿಗೆ ಮಾತ್ರ ಪ್ರತಿ ತಿಂಗಳೂ ಸಂಬಳ ಬೇಕು. ಅರ್ಧ ವರ್ಷಕ್ಕೆ ಹಣ ಮುಗಿದು ಅವಳು ಬಿಟ್ಟುಹೋದರೆ, ಅವಳನ್ನು ನಂಬಲು ಆಗಷ್ಟೇ ಕಲಿತ ಮಗು ಮತ್ತೆ ಶಾಲೆಗೆ ಬರಲು ಒಪ್ಪದಿರಬಹುದು. ಒಬ್ಬ ಸಹಾಯಕಿಯ ಒಂದು ವರ್ಷದ ಸಂಬಳವನ್ನು ಒಂದು ಕುಟುಂಬ ವಹಿಸಿಕೊಂಡರೆ ನಮಗೆ ದೊಡ್ಡ ಬಲ.

ಹೆತ್ತವರೇ, ಈ ವರದಿಯ ಕೊನೆಯಲ್ಲಿರುವ ಅರ್ಜಿಯಲ್ಲಿ ಈ ಸಲ ಹೊಸದೊಂದು ಪುಟವಿದೆ. ಅದರಲ್ಲಿ ರೋಗದ ಹೆಸರು ಬರೆದು ಬಿಡಬೇಡಿ. ನಿಮ್ಮ ಮಗು ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ತಾನೇ ಮಾಡುತ್ತದೆ, ಎಲ್ಲಿ ತಡವರಿಸುತ್ತದೆ ಎಂದು ಬರೆಯಿರಿ. ಬರೆಯಲು ಬಾರದವರು ಕಚೇರಿಗೆ ಬಂದು ಹೇಳಿ, ನಾವು ಬರೆದುಕೊಳ್ಳುತ್ತೇವೆ. ನೆರವು ಸಿಗದವರಿಗೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು, ಅರ್ಧವಾರ್ಷಿಕ ಪರೀಕ್ಷೆಯ ನಂತರ ಇಡೀ ಪಟ್ಟಿಯನ್ನು ಮತ್ತೆ ನೋಡಬೇಕು ಎಂಬುದೂ ನಮ್ಮ ಶಿಫಾರಸಿನಲ್ಲಿದೆ.

ಈ ಅಮಾನತನ್ನು ನ್ಯಾಯವಾಗಿ ನಿರ್ವಹಿಸುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್. ವಸ್ಸಲಾಮ್.