ಊರು ಕದಲಲಿಲ್ಲ, ಜಿಲ್ಲೆ ಬದಲಾಯಿತು

ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಒಂದು ಒಕ್ಕಲು ಊರು. ಜೋಳ, ಮೆಕ್ಕೆಜೋಳ ಬೆಳೆಯುವ ಸೀಮೆ. ಮಳೆ ಕೈಕೊಟ್ಟರೆ ಬದುಕೇ ಏರುಪೇರು. ಈ ಊರು ಇದ್ದ ಜಾಗದಿಂದ ಒಂದು ಗೇಣೂ ಕದಲಿಲ್ಲ. ಆದರೂ ಅದು ಸೇರಿದ ರಾಜ್ಯವೋ ಜಿಲ್ಲೆಯೋ ಎಪ್ಪತ್ತು ವರ್ಷಗಳೊಳಗೆ ನಾಲ್ಕು ಸಲ ಬದಲಾಯಿತು. 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು.

ಇದು ಬರಿಯ ಹೆಸರಿನ ಮಾತಲ್ಲ. ಸಂವಿಧಾನದ 371-ಜೆ ವಿಧಿಯ ಸೌಲಭ್ಯ 2013ರಲ್ಲಿ ಬಳ್ಳಾರಿ ಜಿಲ್ಲೆಗೆ ದೊರೆಯಿತು. ದಾವಣಗೆರೆಯಲ್ಲಿದ್ದ ಹರಪನಹಳ್ಳಿ ತಾಲ್ಲೂಕು ಹೊರಗುಳಿಯಿತು. ಪಕ್ಕದ ಹಡಗಲಿಯ, ಕೂಡ್ಲಿಗಿಯ ಹುಡುಗರಿಗೆ ಕಾಲೇಜು ಸೀಟಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಮೀಸಲು ಸಿಕ್ಕಿತು. ಅದೇ ಬಿಸಿಲು, ಅದೇ ಬರ ಉಂಡ ಬಾಗಳಿಯ ಹುಡುಗರಿಗೆ ಸಿಗಲಿಲ್ಲ. ಅದಕ್ಕಾಗಿ ತಾಲ್ಲೂಕಿನ ಜನ ಹೋರಾಡಬೇಕಾಯಿತು. ನಕ್ಷೆಯ ಮೇಲೆ ಎಳೆದ ಒಂದು ಗೆರೆ ಮನೆಯೊಳಗಿನ ಬದುಕನ್ನು ಮುಟ್ಟುವುದು ಹೀಗೆ.

ಹಾಗಾದರೆ ಊರಿನ ಮಾತನ್ನು ಊರೇ ಆಡಿದ ಕಾಲವಿತ್ತೇ? ಉತ್ತರ ಬಾಗಳಿಯ ಕಲ್ಲುಗಳಲ್ಲೇ ಇದೆ. ಶಾಸನಗಳಲ್ಲಿ ಈ ಊರಿನ ಹೆಸರು ಬಾಳ್ಗುಳಿ. ಇಲ್ಲಿನ ಕಲ್ಲೇಶ್ವರ ದೇವಾಲಯ ರಾಷ್ಟ್ರಕೂಟರ ಕೊನೆಗಾಲ ಮತ್ತು ಕಲ್ಯಾಣ ಚಾಲುಕ್ಯರ ಆರಂಭ ಕಾಲಕ್ಕೆ ಸೇರಿದ್ದು. ಇಮ್ಮಡಿ ತೈಲಪನ ಆಳ್ವಿಕೆಯಲ್ಲಿ, ಕ್ರಿ.ಶ. 987ರ ಸುಮಾರಿಗೆ, ದುಗ್ಗಿಮಯ್ಯನೆಂಬವನು ಇದನ್ನು ಕಟ್ಟಿಸಿದನೆಂದು ತಿಳಿದುಬರುತ್ತದೆ. ಪ್ರವಾಸಿಗರು ಕಂಬಗಳ ವಿಶಾಲ ಮಂಟಪವನ್ನೂ ಬಾಗಿಲವಾಡದ ಸೂಕ್ಷ್ಮ ಕೆತ್ತನೆಯನ್ನೂ ನೋಡಿ ಹೋಗುತ್ತಾರೆ. ಆದರೆ 10ರಿಂದ 12ನೇ ಶತಮಾನದವರೆಗಿನ ಇಲ್ಲಿನ ಶಾಸನಗಳ ಮಹತ್ವ ಬೇರೆಯೇ.

ಆಗಿನ ದೇವಾಲಯ ಪೂಜೆಯ ತಾಣ ಮಾತ್ರವಾಗಿರಲಿಲ್ಲ. ಊರಿನ ದಫ್ತರವೂ ಅದೇ ಆಗಿತ್ತು. ಅರಸನ ಹೆಸರನ್ನು ಮೊದಲು ಹೇಳಿದರೂ ದತ್ತಿಯ ಹೊಣೆ ಹೊತ್ತು ನಡೆಸುತ್ತಿದ್ದವರು ಸ್ಥಳದ ಮಹಾಜನರು. ದಾನದ ಭೂಮಿಯನ್ನು ಮತ್ತರುಗಳಲ್ಲಿ ಅಳೆದು, ಗದ್ದೆ ಯಾವುದು, ಬೆದ್ದಲು ಯಾವುದು, ಎಲ್ಲೆ ಎಲ್ಲಿಗೆ ಎಂದು ಬರೆಸುವುದು ಆ ಕಾಲದ ಪದ್ಧತಿ. ದೀಪಕ್ಕೆ ಎಣ್ಣೆ ಕೊಡಬೇಕಾದ ಗಾಣ, ಹೂವಿಗೆ ತೋಟ ಎಲ್ಲಕ್ಕೂ ಲೆಕ್ಕ. ಆ ಲೆಕ್ಕ ಎಲ್ಲರ ಕಣ್ಣೆದುರು ಕಲ್ಲಿನಲ್ಲಿ ನಿಂತಿರುತ್ತಿತ್ತು.

ಹಾಗೆಂದು ಅದನ್ನು ಪ್ರಜಾಪ್ರಭುತ್ವವೆಂದು ಕೊಂಡಾಡುವಂತಿಲ್ಲ. ಮಹಾಜನರೆಂದರೆ ಅಗ್ರಹಾರದ ಬ್ರಾಹ್ಮಣರ ಮಂಡಲಿ. ಉಳುವವನಿಗೆ, ಕೂಲಿಯವನಿಗೆ, ಹೆಣ್ಣಿಗೆ ಆ ಸಭೆಯಲ್ಲಿ ಪೀಠವಿರಲಿಲ್ಲ. ನಿರ್ಧಾರ ಊರಿನಲ್ಲೇ ಆಗುತ್ತಿತ್ತು, ನಿಜ. ಆದರೆ ಊರೆಲ್ಲ ಸೇರಿ ಮಾಡಿದ್ದಲ್ಲ.

ಫ್ರಾನ್ಸ್ ದೇಶ ಈ ಪ್ರಶ್ನೆಗೆ ಬೇರೊಂದು ಉತ್ತರ ಕಂಡುಕೊಂಡಿತು. 1789ರ ಕ್ರಾಂತಿಯ ವರ್ಷದಲ್ಲೇ ಹಳೆಯ ಹಳ್ಳಿಗಳನ್ನು 'ಕೊಮ್ಯೂನ್'ಗಳೆಂದು ಶಾಸನಬದ್ಧಗೊಳಿಸಿತು. ಇಂದೂ ಅಲ್ಲಿ ಸುಮಾರು 35,000 ಕೊಮ್ಯೂನ್‌ಗಳಿವೆ. ಇನ್ನೂರು ಜನರ ರೈತಹಳ್ಳಿಗೂ ತನ್ನದೇ ಮೇಯರ್, ತನ್ನದೇ ಸಭೆ.

ಕರ್ನಾಟಕದಲ್ಲಿ 1993ರ ಪಂಚಾಯತ್ ರಾಜ್ ಕಾನೂನು ಅನೇಕ ಹಳ್ಳಿಗಳನ್ನು ಒಂದು ಪಂಚಾಯಿತಿಯಡಿ ತಂದಿತು. ಜೊತೆಗೇ ಗ್ರಾಮಸಭೆಯನ್ನೂ ಕೊಟ್ಟಿತು. ಮಹಾಜನರ ಸಭೆಗೆ ಹೊರಗಾಗಿದ್ದ ಒಕ್ಕಲಿಗ, ಕೂಲಿ, ಹೆಂಗಸು ಎಲ್ಲರಿಗೂ ಇಲ್ಲಿ ಮತದಾರರಾಗಿ ಕೂತು ಕೇಳುವ ಹಕ್ಕಿದೆ: ಕೆರೆಯ ಹೂಳೆತ್ತಲು ಬಂದ ಹಣವೆಷ್ಟು, ಮನೆ ಯಾರಿಗೆ, ಖರ್ಚಾದದ್ದು ಎಲ್ಲಿ?

ಸಾವಿರ ವರ್ಷದ ಹಿಂದೆ ಕೆಲವರೇ ಕೂತು ಬರೆಸಿದ ಲೆಕ್ಕ ಕಲ್ಲಿನ ಮೇಲೆ ಇನ್ನೂ ಉಳಿದಿದೆ. ಎಲ್ಲರಿಗೂ ಕೂರುವ ಹಕ್ಕು ಬಂದ ಮೇಲೆ ಸಭೆಯ ಜಮಖಾನೆ ಖಾಲಿ ಬಿದ್ದರೆ, ಊರಿನ ಗೆರೆಯನ್ನು ಎಳೆಯುವವರು ಮತ್ತೆ ಹೊರಗಿನವರೇ ಆಗುತ್ತಾರೆ.