ಹಾಲೆಂಡ್ ದೇಶದ ಹಳೆಯ ನೋಟುಗಳು



ನಿಮ್ಮ ಜೇಬಿನಲ್ಲಿರುವ ಒಂದು ನೋಟನ್ನು ತೆಗೆದು ಹಿಂಬದಿ ತಿರುಗಿಸಿ ನೋಡಿ. ಎಡಗಡೆಯ ಪಟ್ಟಿಯಲ್ಲಿ 15 ಭಾಷೆಗಳಲ್ಲಿ ಅದರ ಮೊತ್ತ ಬರೆದಿದೆ. ನಾಲ್ಕನೆಯ ಸಾಲು ಕನ್ನಡ. ಗಡಿನಾಡಿನವರಾದ ನಮಗೆ ಆ ಪಟ್ಟಿಯಲ್ಲಿ ಒಂದಲ್ಲ, ಎರಡು ಸಾಲು ಓದಲು ಬರುತ್ತದೆ. ಆದರೂ ನಮ್ಮಲ್ಲಿ ಆ ಸಾಲುಗಳನ್ನು ನೋಡಿದವರು ಎಷ್ಟು ಮಂದಿ? ನೋಟನ್ನು ನಾವು ಎಣಿಸುತ್ತೇವೆಯೇ ಹೊರತು ಓದುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ವರ್ಷಗಟ್ಟಲೆ ಎಣಿಸಿದ ನಾನೂ ಓದಲು ಕಲಿತದ್ದು ನಿವೃತ್ತಿಯಾದ ಮೇಲೆ, ಪರದೇಶದ ಹಳೆಯ ನೋಟುಗಳನ್ನು ಕೂಡಿಡತೊಡಗಿದಾಗಲೇ. ಅವುಗಳಲ್ಲಿ ಹಾಲೆಂಡ್, ಅಂದರೆ ನೆದರ್ಲೆಂಡ್ಸ್ ದೇಶದ ಗಿಲ್ಡರ್ ನೋಟುಗಳ ಕಥೆಯನ್ನು ಇಂದು ನಿಮಗೆ ಹೇಳುತ್ತೇನೆ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯು ಆ ದೇಶವನ್ನು ಆಕ್ರಮಿಸಿತ್ತು. ಬೆಳ್ಳಿಯ ನಾಣ್ಯ ಮಾಯವಾಗಿ ಸತುವಿನ ನಾಣ್ಯ ಬಂತು. ಅಂಗಡಿಯಲ್ಲಿ ಸಾಮಾನಿಲ್ಲ, ಆದರೆ ನೋಟುಗಳು ರಾಶಿ ರಾಶಿ. ಕಾಳಸಂತೆಯವರ ಪೆಟ್ಟಿಗೆಗಳು ತುಂಬಿದವು. 1945ರಲ್ಲಿ ಯುದ್ಧ ಮುಗಿದಾಗ ಹಣಕಾಸು ಮಂತ್ರಿಯಾದವರು ಪೀಟ್ ಲೀಫ್‌ಟಿಂಕ್. ಅವರು ಮೊದಲು ಜುಲೈ ತಿಂಗಳಲ್ಲಿ 100 ಗಿಲ್ಡರಿನ ನೋಟನ್ನು ರದ್ದು ಮಾಡಿದರು. ಆಮೇಲೆ ಸೆಪ್ಟೆಂಬರ್ 26ರಂದು ಹಳೆಯ ನೋಟುಗಳೆಲ್ಲವೂ ರದ್ದಾದವು. ಪ್ರತಿಯೊಬ್ಬರಿಗೂ ಒಂದು ವಾರದ ಖರ್ಚಿಗೆಂದು ಸಿಕ್ಕಿದ್ದು 10 ಗಿಲ್ಡರ್ ಮಾತ್ರ. ಸಾಹುಕಾರನಿಗೂ ಅಷ್ಟೇ, ಕೂಲಿಯವನಿಗೂ ಅಷ್ಟೇ. ಉಳಿದ ಹಣವನ್ನೆಲ್ಲ ಬ್ಯಾಂಕಿಗೆ ಕಟ್ಟಬೇಕು; ಅದನ್ನು ತಡೆಹಿಡಿದು, ವಿಚಾರಿಸಿ, ಹಂತಹಂತವಾಗಿ ಬಿಡುಗಡೆ ಮಾಡುತ್ತಿದ್ದರು. 'ಲೀಫ್‌ಟಿಂಕರ ಹತ್ತು' ಎಂಬ ಮಾತು ಅಲ್ಲಿನ ಜನರ ಬಾಯಲ್ಲಿ ಹಾಗೆಯೇ ಉಳಿಯಿತು.

ಇದು ನಮಗೆ ತಿಳಿಯದ ಸಂಗತಿಯೇನಲ್ಲ. ನಮ್ಮಲ್ಲಿಯೂ 1946ರ ಜನವರಿಯಲ್ಲಿ, 1978ರ ಜನವರಿಯಲ್ಲಿ, ಮತ್ತೆ 2016ರ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದವು. ಕೊನೆಯದರ ಸರತಿ ಸಾಲಿನಲ್ಲಿ ನಿಮ್ಮಲ್ಲಿ ಅನೇಕರು ನಿಂತಿದ್ದೀರಿ. ನೋಟು ಎಂದರೆ ಬರಿಯ ಕಾಗದವಲ್ಲ, ಕೊಟ್ಟ ಮಾತು. ಆ ಮಾತಿನ ಮೇಲೆ ಜನರಿಗೆ ನಂಬಿಕೆ ಇರಬೇಕು. ಯುದ್ಧದ ನಂತರ ಹಾಲೆಂಡಿನ ಕೇಂದ್ರ ಬ್ಯಾಂಕಿನವರ ಮುಂದಿದ್ದ ಕೆಲಸ ಇದೇ: ಜನ ಮತ್ತೆ ನಂಬುವಂಥ ನೋಟು ಮಾಡುವುದು.

1953ರಿಂದ 1956ರೊಳಗೆ ಒಂದು ಹೊಸ ಸರಣಿ ಬಂತು. ಅದರಲ್ಲಿ ರಾಜರಾಣಿಯರ ಚಿತ್ರವಿಲ್ಲ. 10ರ ನೋಟಿನಲ್ಲಿ ನ್ಯಾಯಶಾಸ್ತ್ರಜ್ಞ ಹ್ಯೂಗೊ ಗ್ರೋಷಿಯಸ್, 20ರಲ್ಲಿ ವೈದ್ಯ ಬೂರ್‌ಹಾವೆ, 25ರಲ್ಲಿ ಲೋಲಕದ ಗಡಿಯಾರ ಮಾಡಿದ ವಿಜ್ಞಾನಿ ಹೈಗೆನ್ಸ್, 100ರಲ್ಲಿ ವಿದ್ವಾಂಸ ಎರಾಸ್ಮಸ್, 1000ದಲ್ಲಿ ಚಿತ್ರಕಾರ ರೆಂಬ್ರಾಂಟ್. ಇವನ್ನು ಅಚ್ಚು ಹಾಕಿದ್ದು ಹಾರ್ಲೆಮ್ ಊರಿನ ಯೋಹಾನ್ ಎನ್‌ಸ್ಖೆಡೆ ಮುದ್ರಣಾಲಯ. 1814ರಲ್ಲಿ ಆ ದೇಶದ ಕೇಂದ್ರ ಬ್ಯಾಂಕು ಹುಟ್ಟಿದ ಕಾಲದಿಂದಲೂ ನೋಟು ಅಚ್ಚು ಹಾಕುತ್ತಿದ್ದವರು ಅವರೇ.

ಇಲ್ಲಿ ಒಂದು ಸಣ್ಣ ವಿಷಯ. ಅಲ್ಲಿ ಮೊತ್ತಗಳು ಎರಡೂವರೆ, 25, 250 ಎಂದು ನಡೆಯುತ್ತಿದ್ದವು. ಎರಡೂವರೆಯ ನೋಟು ಎಂದರೆ ನಗಬೇಡಿ. ನಮ್ಮ ದೇಶದಲ್ಲಿಯೂ 1918ರಲ್ಲಿ ಎರಡು ರೂಪಾಯಿ ಎಂಟಾಣೆಯ ನೋಟು ಬಂದಿತ್ತು. ಇನ್ನೊಂದು ಹೋಲಿಕೆ: ರಾಣಿ ಯೂಲಿಯಾನಾ ಅವರ ಚಿತ್ರವಿರುವ 1949ರ ಒಂದು ಮತ್ತು ಎರಡೂವರೆ ಗಿಲ್ಡರಿನ ನೋಟುಗಳನ್ನು ಬ್ಯಾಂಕು ಹೊರಡಿಸಿದ್ದಲ್ಲ, ಸರ್ಕಾರವೇ ಹೊರಡಿಸಿದ್ದು. ನಮ್ಮ ಒಂದು ರೂಪಾಯಿ ನೋಟೂ ಹಾಗೆಯೇ. ಅದರಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಸಹಿ ಇಲ್ಲ, ಹಣಕಾಸು ಕಾರ್ಯದರ್ಶಿಯ ಸಹಿ ಇದೆ. ನಂಬಿಕೆಯಾಗದಿದ್ದರೆ ಇಂದೇ ತೆಗೆದು ನೋಡಿ.

1966ರಿಂದ ಹಾಲೆಂಡಿನ ನೋಟಿನ ರೂಪ ಬದಲಾಯಿತು. ಬದಲಿಸಿದವರು ಆಕ್ಸೆನಾರ್ ಎಂಬ ಕಲಾವಿದ. ನೋಟು ಚಂದ ಕಂಡರಷ್ಟೇ ಸಾಲದು, ಯಾರ ಕೈಗೆ ಬಂದರೂ ತಕ್ಷಣ ಗುರುತು ಸಿಗಬೇಕು. ಅದಕ್ಕೆ ತಕ್ಕಂತೆ ಒಂದೊಂದು ಮೊತ್ತಕ್ಕೆ ಒಂದೊಂದು ಗಾಢ ಬಣ್ಣ, ದೂರದಿಂದಲೇ ಕಾಣುವ ದಪ್ಪ ಅಂಕಿ, ಕಣ್ಣು ಕಾಣದವರು ಬೆರಳಿನಿಂದ ಮುಟ್ಟಿ ತಿಳಿಯಲು ಉಬ್ಬು ಗುರುತು. 5ರ ಹಸಿರು ನೋಟಿನಲ್ಲಿ ಕವಿ ಫೊಂಡೆಲ್, 10ರ ನೀಲಿಯಲ್ಲಿ ಚಿತ್ರಕಾರ ಫ್ರಾನ್ಸ್ ಹಾಲ್ಸ್, 25ರ ಕೆಂಪಿನಲ್ಲಿ ಸಂಗೀತಗಾರ ಸ್ವೇಲಿಂಕ್, 100ರ ಕಂದಿನಲ್ಲಿ ನೌಕಾಪತಿ ಡಿ ರೈಟರ್, 1000ದ ಕಡು ಹಸಿರಿನಲ್ಲಿ ತತ್ತ್ವಜ್ಞಾನಿ ಸ್ಪಿನೋಜಾ. ನಮ್ಮಲ್ಲಿ ಉಬ್ಬು ಗುರುತು ಬಂದದ್ದು 1996ರ ಮಹಾತ್ಮಾ ಗಾಂಧಿ ಸರಣಿಯಲ್ಲಿ: 100ಕ್ಕೆ ತ್ರಿಕೋನ, 500ಕ್ಕೆ ವೃತ್ತ. ಕಣ್ಣು ಕಾಣದ ಒಬ್ಬರು ಸಂತೆಯಲ್ಲಿ ಮೋಸಹೋಗದೆ ವ್ಯಾಪಾರ ಮಾಡಬೇಕಾದರೆ ಆ ಪುಟ್ಟ ಉಬ್ಬಿನ ಬೆಲೆ ಎಷ್ಟೆಂದು ಯೋಚಿಸಿ.

ಆಮೇಲೆ ಆಕ್ಸೆನಾರ್ ಮಹಾಪುರುಷರನ್ನೂ ಬಿಟ್ಟರು. 50ರ ಹಳದಿ ನೋಟಿನಲ್ಲಿ ಸೂರ್ಯಕಾಂತಿ, ಅದರ ಮೇಲೊಂದು ಜೇನುನೊಣ. 100ರಲ್ಲಿ ಉದ್ದ ಕೊಕ್ಕಿನ ಸ್ನೈಪ್ ಹಕ್ಕಿ. 250ರಲ್ಲಿ ದೀಪಸ್ತಂಭ. ಈ ಕಲಾವಿದರಿಗೆ ಸ್ವಲ್ಪ ತುಂಟತನವೂ ಇತ್ತು. ಸ್ಪಿನೋಜಾರ ತಲೆಗೂದಲಿನ ಗೆರೆಗಳ ನಡುವೆ ತಮ್ಮದೇ ಬೆರಳಚ್ಚನ್ನು ಅಡಗಿಸಿಟ್ಟರು. ದೀಪಸ್ತಂಭದ ನೋಟಿನ ವಾಟರ್‌ಮಾರ್ಕಿನಲ್ಲಿ ಒಂದು ಮೊಲವನ್ನು ಕೂರಿಸಿದರು. ಅವರ ನಂತರ ಯಾಪ್ ಡ್ರುಪ್‌ಸ್ಟೇನ್ ಎಂಬವರು ರಚಿಸಿದ ನೋಟುಗಳಲ್ಲಿ ಬಣ್ಣ ಮತ್ತು ಗೆರೆಗಳ ಆಟವೇ ಹೆಚ್ಚು. ಬೆಳಕಿಗೆ ಹಿಡಿದರೆ ಹಕ್ಕಿ ಕಾಣುತ್ತದೆ: 10ರಲ್ಲಿ ಮಿಂಚುಳ್ಳಿ, 25ರಲ್ಲಿ ರಾಬಿನ್, 100ರಲ್ಲಿ ಗೂಬೆ, 1000ದಲ್ಲಿ ಟಿಟ್ಟಿಭ.

2002ರ ಜನವರಿ 1ರಂದು ಯೂರೋ ನೋಟು ಬಂತು. ಅದೇ ತಿಂಗಳು 28ರ ನಂತರ ಗಿಲ್ಡರ್ ಚಲಾವಣೆ ನಿಂತಿತು. ಆದರೆ ಕೇಂದ್ರ ಬ್ಯಾಂಕು ತನ್ನ ಮಾತನ್ನು ಕೈಬಿಡಲಿಲ್ಲ. ಕೊನೆಯಲ್ಲಿ ಚಲಾವಣೆಯಲ್ಲಿದ್ದ ಮಿಂಚುಳ್ಳಿ, ರಾಬಿನ್, ಸೂರ್ಯಕಾಂತಿ, ಗೂಬೆ, ದೀಪಸ್ತಂಭ ಮತ್ತು ಟಿಟ್ಟಿಭದ ನೋಟುಗಳನ್ನು 2032ರ ಜನವರಿ 1ರವರೆಗೆ ಯೂರೋಗೆ ಬದಲಿಸಿ ಕೊಡುತ್ತೇವೆ ಎಂದಿತು. ಒಂದು ಯೂರೋಗೆ 2.20371 ಗಿಲ್ಡರ್ ಲೆಕ್ಕ. ಗೂಬೆಯ 100ಕ್ಕೆ 45 ಯೂರೋ 38 ಸೆಂಟ್ ಆಗುತ್ತದೆ. ಅದಕ್ಕೂ ಹಳೆಯ ನೋಟುಗಳಿಗೆ ಬೇರೆ ಬೇರೆ ಗಡುವುಗಳಿವೆ. ಹೈಗೆನ್ಸ್, ಎರಾಸ್ಮಸ್ ನೋಟುಗಳ ಗಡುವು ಎಂದೋ ಮುಗಿದಿದೆ.

ಹೀಗಾಗಿ ಹಳೆಯ ನೋಟಿಗೆ ಎರಡು ಬೆಲೆ. ಒಂದು, ಹೊರಡಿಸಿದ ಬ್ಯಾಂಕು ಕೊಡುವ ಬೆಲೆ. ಇನ್ನೊಂದು, ಕೂಡಿಡುವವರು ಕೊಡುವ ಬೆಲೆ. ಮೊದಲನೆಯದಕ್ಕೆ ಗಡುವು ಇದೆ, ಲೆಕ್ಕ ಇದೆ. ಎರಡನೆಯದು ನೋಟು ಎಷ್ಟು ಅಪರೂಪ, ಎಷ್ಟು ಚೊಕ್ಕಟ ಎಂಬುದರ ಮೇಲೆ ನಿಂತಿದೆ. ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಕೋಟಿಗಟ್ಟಲೆ ಅಚ್ಚಾಗಿ ಕೈಯಿಂದ ಕೈಗೆ ಸವೆದ ನೋಟನ್ನು ಕೇಳುವವರು ಕಡಿಮೆ. ಒಮ್ಮೆಯೂ ಮಡಿಸದ ಗರಿಗರಿ ನೋಟಿಗೂ ನಡುವೆ ಮಡಿಕೆ ಬಿದ್ದ ಅದೇ ನೋಟಿಗೂ ಬೆಲೆಯಲ್ಲಿ ಬಹಳ ಅಂತರ. ನಮ್ಮ ಬ್ಯಾಂಕುಗಳಲ್ಲಿ ಹಿಂದೆ ನೋಟಿನ ಕಟ್ಟಿಗೆ ಪಿನ್ನು ಹೊಡೆಯುತ್ತಿದ್ದುದರಿಂದ ಆ ಕಾಲದ ನೋಟುಗಳಲ್ಲಿ ತೂತಿಲ್ಲದ್ದು ಸಿಕ್ಕರೆ ಅದೇ ಭಾಗ್ಯ.

ನೋಟನ್ನು ಇಡುವ ಕ್ರಮ ಹೇಳುತ್ತೇನೆ. ತೊಳೆಯಬೇಡಿ, ಇಸ್ತ್ರಿ ಹಾಕಬೇಡಿ, ಹರಿದಿದ್ದರೆ ಅಂಟು ಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಅಂಗಡಿಯ ಅಗ್ಗದ ಪ್ಲಾಸ್ಟಿಕ್ ಆಲ್ಬಮ್ ಕೆಲವು ವರ್ಷಗಳಲ್ಲಿ ಜಿಗುಟಾಗಿ ನೋಟನ್ನು ಕೆಡಿಸುತ್ತದೆ. ನೋಟಿಗೆಂದೇ ಮಾಡಿದ ಪಾಲಿಯೆಸ್ಟರ್ ಲಕೋಟೆ ಒಳ್ಳೆಯದು. ಬಿಸಿಲು, ತೇವ, ಗೆದ್ದಲು ಮೂರರಿಂದಲೂ ದೂರವಿಡಿ.

ಇನ್ನು ಮುಖ್ಯವಾದ ಎಚ್ಚರಿಕೆ. 'ನಿಮ್ಮ ಹಳೆಯ ನೋಟಿಗೆ ಲಕ್ಷಾಂತರ ರೂಪಾಯಿ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ, ಕಮಿಷನ್ ಕಳಿಸಿ' ಎಂದು ಫೋನು ಮಾಡುವವರಿದ್ದಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಹೇಳುತ್ತಾರೆ. ಇಂಥ ವ್ಯವಹಾರದಲ್ಲಿ ತಾನಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿಯೇ ಪ್ರಕಟಣೆ ಹೊರಡಿಸಿದೆ. ಕೊಳ್ಳುವವನು ದುಡ್ಡು ಕೊಡಬೇಕು, ಕೇಳಬಾರದು. ಈ ಒಂದು ಮಾತನ್ನು ಮನೆಯ ಹಿರಿಯರಿಗೂ ಹುಡುಗರಿಗೂ ಹೇಳಿಡಿ. ನೋಟಿನ ಮೇಲೆ ಯಾರ ಚಿತ್ರ, ಯಾವ ವರ್ಷ, ಗಡುವು ಮುಗಿದಿದೆಯೇ ಎಂದು ತಿಳಿದುಕೊಂಡವರನ್ನು ಹೀಗೆ ಏಮಾರಿಸುವುದು ಕಷ್ಟ.

ಇನ್ನೊಂದು ಕಾನೂನಿನ ಮಾತು. 2016ರಲ್ಲಿ ರದ್ದಾದ ನಮ್ಮ 500, 1000ದ ನೋಟುಗಳನ್ನು ನೆನಪಿಗೆಂದು ಇಟ್ಟುಕೊಂಡವರಿದ್ದೀರಿ. 2017ರ ಕಾಯಿದೆಯ ಪ್ರಕಾರ ಒಟ್ಟು 10ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನಕ್ಕೆ, ಸಂಗ್ರಹಕ್ಕೆಂದಾದರೆ 25ರವರೆಗೆ ಅವಕಾಶ. ಮೀರಿದರೆ ದಂಡ.

ನೋಟು ಕೂಡಿಡುವುದಕ್ಕೆ ದೊಡ್ಡ ಬಂಡವಾಳ ಬೇಡ. ಪರದೇಶದ ನೋಟೇ ಆಗಬೇಕೆಂದೂ ಇಲ್ಲ. ನಿಮ್ಮ ಮಕ್ಕಳಿಗೆ ಒಂದು ಹತ್ತು ರೂಪಾಯಿ ನೋಟು ಕೊಟ್ಟು, ಅದರಲ್ಲಿರುವ ಚಿತ್ರ, ಸಹಿ, ವರ್ಷ, ಬೆಳಕಿನಲ್ಲಿ ಕಾಣುವ ಗುರುತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಲು ಹೇಳಿ. ಕೊನೆಗೆ ಆ ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಾಲನ್ನು ಗಟ್ಟಿಯಾಗಿ ಓದಿಸಿ. ಶಾಲೆಯಲ್ಲಿ ಬೇರೆ ಭಾಷೆ ಕಲಿಯುವ ಮಗುವಿಗೂ ಆ ಸಾಲು ಓದಲು ಬರಬೇಕು.